ಬಾಯಿ ಮುಚ್ಚಿದ ಕೊಕ್ಕೆ

ಕಂಪ್ಯೂಟರಿನೊಳಗೆ ಗೆರೆ ಎಳೆಯುವುದು ದೊಡ್ಡ ವಿದ್ಯೆಯೇನಲ್ಲ, ಎಳೆದ ಗೆರೆಯನ್ನು ಹೊರಗೆ ತರುವುದೇ ಕಷ್ಟ. ಈ ಮಾತನ್ನು ನಾನು ಹದಿನಾರು ವರ್ಷದಿಂದ ಹೇಳುತ್ತ ಬಂದಿದ್ದೇನೆ, ಯಾರೂ ಕಿವಿಗೆ ಹಾಕಿಕೊಂಡಿಲ್ಲ. ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ನನ್ನ ನಕ್ಷೆಯ ಅಂಗಡಿ. ಮನೆಯ ಪ್ಲಾನು, ಅಥಣಿ ಕಡೆಯವರ ಒಣದ್ರಾಕ್ಷಿ ಶೆಡ್ಡು, ವರ್ಕ್‌ಶಾಪಿನವರ ಯಂತ್ರದ ಬಿಡಿಭಾಗ, ಯಾರು ಏನು ಕೇಳಿದರೂ ಕ್ಯಾಡ್ ಸಾಫ್ಟ್‌ವೇರಿನಲ್ಲಿ ಬರೆದುಕೊಡುತ್ತೇನೆ.

ನನ್ನ ಸ್ಕ್ರೀನಿನಲ್ಲಿ ನಕ್ಷೆ ಕಪ್ಪು ನೆಲದ ಮೇಲೆ ಬಣ್ಣಬಣ್ಣದ ಗೆರೆಗಳಾಗಿ ಇರುತ್ತದೆ. ಆ ಫೈಲು ಗಿರಾಕಿಗಳ ಮೊಬೈಲಿನಲ್ಲಿ ತೆರೆಯುವುದಿಲ್ಲ. ಅವರಿಗೆ ಬೇಕಾದದ್ದು ಒಂದು ಚಿತ್ರ, ಫೋಟೋದ ಹಾಗೆ ಬೆರಳಿನಿಂದ ಹಿಗ್ಗಿಸಿ ನೋಡುವಂಥದ್ದು. ಎಷ್ಟೋ ಜನ ನಾನು ಚಿತ್ರ ಮಾಡಿಕೊಡುವವರೆಗೂ ಕಾಯುವುದಿಲ್ಲ, ಸ್ಕ್ರೀನಿಗೇ ಮೊಬೈಲು ಹಿಡಿದು ಫೋಟೋ ಹೊಡೆದುಕೊಂಡು ಮೆಟ್ಟಿಲಿಳಿದು ಹೋಗಿಬಿಡುತ್ತಾರೆ. ರಾಯಬಾಗದ ಒಬ್ಬರು ಹಾಗೆ ಹೋದವರು ಮರುದಿನ ಫೋನು ಮಾಡಿದರು: "ಮ್ಯಾಡಮ್ಮಾರ, ಅಡಿಗಿಮನ್ಯಾಗ ಎರಡು ಗುಂಡನ್ನ ಕಂಬ ಯಾಕ್ರಿ ಅಂತ ಗೌಂಡಿ ಕೇಳಾಕತ್ತಾನ." ತರಿಸಿ ನೋಡಿದರೆ ಸ್ಕ್ರೀನಿನ ಗಾಜಿನಲ್ಲಿ ಮೂಡಿದ್ದ ನನ್ನ ಕನ್ನಡಕ. ಗೋಡೆ ಕಟ್ಟುವ ಗೌಂಡಿ ಕೇಳಿದ್ದಕ್ಕೆ ಸರಿಹೋಯಿತು, ಇಲ್ಲದಿದ್ದರೆ ಆ ಮನೆಯವರು ಇಂದಿಗೂ ನನ್ನ ಕನ್ನಡಕವನ್ನು ಸುತ್ತು ಹಾಕಿ ರೊಟ್ಟಿ ಬಡಿಯುತ್ತಿದ್ದರು.

ಅಂದಿನಿಂದ ನಾನು ಸ್ವಚ್ಛ ಚಿತ್ರದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕಪ್ಪು ನೆಲವನ್ನು ಬಿಳಿ ಮಾಡಬೇಕು. ಬಣ್ಣದ ಗೆರೆಗಳನ್ನೆಲ್ಲ ಕಪ್ಪಿಗೆ ತಿರುಗಿಸಬೇಕು. ಗೋಡೆಗೆ ದಪ್ಪ ಗೆರೆ, ಬಾಗಿಲಿಗೆ ನಡುವಣದು, ಅಳತೆಗೆ ಕೂದಲೆಳೆಯಂಥದ್ದು. ಬರೆಯುವಾಗ ಆಸರೆಗೆಂದು ಎಳೆದ ಗೆರೆಗಳನ್ನು ಮುಚ್ಚಿಡಬೇಕು, ಅಂಚು ಕತ್ತರಿಸಬೇಕು. ಇಷ್ಟಾದ ಮೇಲೆ ಎಕ್ಸ್‌ಪೋರ್ಟ್ ಗುಂಡಿ ಒತ್ತುವುದು. ನನ್ನ ಕೋಣೆಯ ಗೋಡೆಯ ಮೇಲೆ ಹಲ್ಲಿ ಓಡಾಡಿದರೂ ಸಹಿಸುತ್ತೇನೆ, ಚಿತ್ರದಲ್ಲಿ ಒಂದು ಹೆಚ್ಚಿನ ಚುಕ್ಕೆಯನ್ನು ಸಹಿಸುವುದಿಲ್ಲ. ಇದನ್ನು ನನ್ನ ಗುಣವೆಂದೇ ತಿಳಿದುಕೊಂಡಿದ್ದೆ.

ಹೋದ ವರ್ಷ, ದ್ರಾಕ್ಷಿಯ ಕಟಾವು ಮುಗಿದು ಬಿಸಿಲು ಏರತೊಡಗಿದ್ದ ಒಂದು ಬೆಳಿಗ್ಗೆ, ಮೆಟ್ಟಿಲ ಮೇಲೆ ಯಾರೋ ಬಹಳ ಹೊತ್ತಿನಿಂದ ಹತ್ತುತ್ತಿರುವ ಸದ್ದು ಕೇಳಿಸಿತು. ಒಂದು ಮೆಟ್ಟಿಲು, ಸ್ವಲ್ಪ ಸುಮ್ಮನಿರುವುದು, ಮತ್ತೊಂದು ಮೆಟ್ಟಿಲು. ಬಂದವರು ಒಬ್ಬ ಅಜ್ಜಿ. ಬಿಳಿ ಸೀರೆ, ಬಗಲಲ್ಲಿ ಅರಿವೆಯ ಗಂಟು. ಬಂದವರೇ ಕುರ್ಚಿಯಲ್ಲಿ ಕೂತು ಐದು ನಿಮಿಷ ಮೊಣಕಾಲು ತಿಕ್ಕಿಕೊಂಡರು. ಆಮೇಲೆ ಗಂಟು ಬಿಚ್ಚಿ ಒಂದು ತಾಮ್ರದ ಬಕೆಟ್ಟನ್ನು ನನ್ನ ಕೀಬೋರ್ಡಿನ ಪಕ್ಕದಲ್ಲಿ ಬೋರಲಾಗಿ ಇಟ್ಟರು.

"ಇದರ ಚಿತ್ರಾ ತಗದ ಕೊಡ್ರಿ. ಮೊಬೈಲನ್ಯಾಗ ಹೋಗುವಂಥಾದ್ದು."

ಬಕೆಟ್ಟಿನ ಬುಡ ಹರಿದಿತ್ತು. ಮೂರು ಕಡೆ ಹಳೆಯ ತೇಪೆ.

"ಬಕೆಟ್‌ಗೆ ಯಾಕ್ರಿ ನಕ್ಷಾ? ಅಂಗಡ್ಯಾಗ ಬೇಕಾದಷ್ಟ ಸಿಗತಾವಲ್ಲ," ಎಂದೆ.

"ಸಿಗತಾವ. ಬುಡಕ್ಕ ಕಡಿ ಇದ್ದದ್ದ ಒಂದು ತಂದ ಕೊಡ್ರಿ, ನಾ ಚಿತ್ರಾ ಕೇಳೂದಿಲ್ಲ."

ಆಗ ಸರಿಯಾಗಿ ನೋಡಿದೆ. ಬುಡದ ಹೊರಮೈಗೆ, ನಟ್ಟನಡುವೆ ಒಂದು ಕಡಿ, ಅಂದರೆ ಬಳೆಯಂಥ ಉಂಗುರ, ಹರಿದ ತಾಮ್ರಕ್ಕೆ ಜೋತುಬಿದ್ದಿತ್ತು. ಹಿಡಿಕೆ ಇರುವುದು ಮೇಲೆ. ಬುಡದಲ್ಲಿ ಉಂಗುರ ಯಾರಿಗೆ ಬೇಕು? ನನಗೆ ತಿಳಿಯದ ವಸ್ತುವೊಂದು ಮೇಜಿನ ಮೇಲೆ ಬಂದು ಕೂತರೆ ನನ್ನ ಕೆಲಸ ಅಲ್ಲಿಗೇ ನಿಂತುಬಿಡುತ್ತದೆ. ಹಾರೂಗೇರಿಯ ಯಾರದೋ ಮನೆಯ ಪ್ಲಾನನ್ನು ಹಾಗೆಯೇ ಬಿಟ್ಟು, ಕುರ್ಚಿ ಎಳೆದುಕೊಂಡು ಅಜ್ಜಿಯ ಮುಂದೆ ಕೂತೆ.

ಅವರದು ಅಕ್ಕೋಳ. ಕಬ್ಬು ಬೆಳೆಯುವ ಜೈನರ ಮನೆ, ಮಗ, ಸೊಸೆ, ಮೊಮ್ಮಕ್ಕಳು ಎಲ್ಲರೂ ಇದ್ದಾರೆ. ಊರಲ್ಲಿ ಎಲ್ಲರೂ ಕರೆಯುವ ಹಾಗೆ ನಾನೂ ಆಯಿ ಎಂದೇ ಕರೆಯತೊಡಗಿದೆ. ಆಯಿ ಮೂವತ್ತು ವರ್ಷದ ಹಿಂದೆ ಒಬ್ಬ ಮಾತಾಜಿಯ, ಅಂದರೆ ಜೈನ ಸಾಧ್ವಿಯ, ಎದುರು ನೇಮ ಹಿಡಿದಿದ್ದರು: ಕುಡಿಯಲು, ಅಡಿಗೆಗೆ ಬಾವಿಯ ನೀರೇ ಆಗಬೇಕು, ಅದನ್ನು ದಪ್ಪ ಅರಿವೆಯ ಎರಡು ಮಡಿಕೆಯಲ್ಲಿ ಸೋಸಬೇಕು, ಸೋಸಿದ ಮೇಲೆ ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಅದೇ ಬಾವಿಗೆ ಮರಳಿಸಬೇಕು. ಸೋಸಿದ ನೀರನ್ನೇ ಅರಿವೆಯ ಮೇಲೆ ಹಾಕಿ ಜೀವಗಳನ್ನು ಬಕೆಟ್ಟಿಗೆ ಇಳಿಸುತ್ತಾರೆ. ಆ ನೀರಿಗೆ ಜೀವಾಣಿ ಎನ್ನುತ್ತಾರೆ.

"ಮರಳಿಸೂದಂದ್ರ ಬಾವ್ಯಾಗ ಸುರುವೂದಲ್ರಿ?" ಎಂದೆ.

ಆಯಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ನಿನ್ನ ಮನಿಗಿ ಹೋಗಂದು ಈ ಮಾಳಗಿ ಮ್ಯಾಲಿಂದ ಒಗದ್ರ ನಡಿತೈತೇನು?"

ಜೀವಾಣಿಯನ್ನು ಮೇಲಿನಿಂದ ಸುರಿಯುವ ಹಾಗಿಲ್ಲ. ಬಕೆಟ್ಟು ನೀರನ್ನು ಮುಟ್ಟಿದ ಮೇಲೆ, ಅಲ್ಲಿಯೇ, ಮೆಲ್ಲಗೆ ಮಗಚಬೇಕು. ಅದಕ್ಕೆ ಈ ಉಂಗುರ. ಉಂಗುರದ ಬಕೆಟ್ಟು ಇಲ್ಲದಿದ್ದರೆ ಬಾವಿಯ ಮೂವತ್ತೆರಡು ಮೆಟ್ಟಿಲು ಇಳಿದು ಕೈಯಿಂದ ಬಿಟ್ಟು ಬರಬೇಕು. ಇನ್ನು ಮೆಟ್ಟಿಲು ಇಳಿದು ಹತ್ತಿದರೆ ಮೊಣಕಾಲು ಪೂರ್ತಿ ಹೋಗುತ್ತದೆ ಎಂದು ನಿಪ್ಪಾಣಿಯ ಡಾಕ್ಟರು ಆಯಿಗೆ ಖಡಾಖಂಡಿತವಾಗಿ ಹೇಳಿದ್ದರು. ಈ ಬಕೆಟ್ಟು ಮಾಡುತ್ತಿದ್ದ ತಾಂಬಟಗಾರ ನಿಪ್ಪಾಣಿಯವನೇ, ಈಗ ಅವನ ಅಂಗಡಿಯ ಜಾಗದಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಸದ್ಯಕ್ಕೆ ಭೋಜ ಊರಿನ ಬೀಗರ ಬಕೆಟ್ಟನ್ನು ತಂದುಕೊಂಡಿದ್ದರು. "ಅವರಿಗೂ ದಿನಾ ಬೇಕಲ್ಲ. ಎಷ್ಟ ದಿನಾ ಇಟಗೊಳ್ಳಲಿ?" ಎಂದರು. ಹೊಸ ಬಕೆಟ್ಟು ಬರಬೇಕು, ಇಲ್ಲವೇ ಮೊಣಕಾಲು ಹೋಗಬೇಕು, ಇಲ್ಲವೇ ನೇಮ ಮುರಿಯಬೇಕು. ಮೂರನೆಯದನ್ನು ಆಯಿ ಬಾಯಿಯಲ್ಲಿ ಆಡಲೇ ಇಲ್ಲ.

"ಮಗಚೂದ ಹೆಂಗ್ರಿ ಆಯಿ? ಒಮ್ಮೆ ತೋರಸ್ರಿ."

ಗಂಟಿನಿಂದ ಹಗ್ಗ ತೆಗೆದರು. ಹಗ್ಗದ ತುದಿ ಬುಡದ ಉಂಗುರಕ್ಕೆ. ತುದಿಯಿಂದ ಮೊಳದಷ್ಟು ಮೇಲೆ ಹಗ್ಗಕ್ಕೇ ಕಟ್ಟಿದ ಒಂದು ಸಣ್ಣ ಹಿತ್ತಾಳೆಯ ಕೊಕ್ಕೆ, ಬಾಯಿ ತೆರೆದದ್ದು. ಆ ಕೊಕ್ಕೆಗೆ ಬಕೆಟ್ಟಿನ ಹಿಡಿಕೆಯನ್ನು ತೂಗುಹಾಕಿದರು. ಈಗ ಬಕೆಟ್ಟು ನೆಟ್ಟಗೆ ತೂಗುತ್ತದೆ, ಬುಡಕ್ಕೆ ಹೋಗುವ ಹಗ್ಗದ ತುಂಡು ಸಡಿಲವಾಗಿ ಪಕ್ಕದಲ್ಲಿ ಇಳಿಬಿದ್ದಿರುತ್ತದೆ. ಮೆಲ್ಲಗೆ ಮೇಜಿನ ಮೇಲೆ ಇಳಿಸಿದರು. ಬಕೆಟ್ಟಿನ ಭಾರ ಮೇಜಿಗೆ ಬಿದ್ದ ಕ್ಷಣ ಹಿಡಿಕೆ ಸಡಿಲಾಯಿತು, ಕೊಕ್ಕೆ ತಾನಾಗಿಯೇ ಜಾರಿ ಹೊರಬಂತು. ಹಗ್ಗ ಎಳೆದರು. ಈಗ ಎಳೆತ ಬುಡಕ್ಕೆ, ಬಕೆಟ್ಟು ತಲೆಕೆಳಗಾಯಿತು.

ನಾನು ಡಿಪ್ಲೊಮಾದಲ್ಲಿ ಮೂರು ವರ್ಷ ಯಂತ್ರಗಳ ಬಗ್ಗೆ ಓದಿದವಳು. ಸ್ಪ್ರಿಂಗ್ ಇಲ್ಲ, ಬ್ಯಾಟರಿ ಇಲ್ಲ, ನಲವತ್ತು ಅಡಿ ಕೆಳಗೆ ಬಕೆಟ್ಟಿಗೆ ನೀರು ಬಂತೆಂದು ಅದಕ್ಕೇ ತಿಳಿಯುತ್ತದೆ. ಇದನ್ನು ಮೊದಲು ಯೋಚಿಸಿದವರು ಯಾರು? ಎಷ್ಟು ಬಕೆಟ್ಟು ಕೆಡಿಸಿ ಕಲಿತರು? ನನಗೆ ನಿಜಕ್ಕೂ ಖುಷಿಯಾಯಿತು. ಇನ್ನೊಮ್ಮೆ ಎಂದೆ. ಇನ್ನೊಮ್ಮೆ. ಆಮೇಲೆ ನಾನೇ ಹಗ್ಗ ಹಿಡಿದೆ. ಏಳನೆಯ ಸಲಕ್ಕೆ, ವರ್ಷಾನುಗಟ್ಟಲೆ ತಿಕ್ಕಿ ದಾರದಷ್ಟು ಸವೆದಿದ್ದ ಆ ಕೊಕ್ಕೆ ನನ್ನ ಕೈಯಲ್ಲಿ ಎರಡು ತುಂಡಾಯಿತು.

ನನ್ನ ಜೀವ ಹಾರಿಹೋಯಿತು. ಆಯಿ ಎರಡೂ ತುಂಡುಗಳನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ನೋಡಿದರು.

"ಇವತ್ತಲ್ಲ ನಾಳೆ ಮುರಿಯೂದ ಇತ್ತ. ಬ್ಯಾಸರಾ ಮಾಡಕೋಬ್ಯಾಡ," ಎಂದರು. "ಚಿತ್ರಾ ಮಾತ್ರ ಚಲೋ ತಗಿ."

ಎರಡು ಗಂಟೆಯ ಕೆಲಸವನ್ನು ಎರಡು ದಿನ ಮಾಡಿದೆ. ಕೊಕ್ಕೆಯ ತುಂಡುಗಳನ್ನು ಜೋಡಿಸಿ ಕ್ಯಾಲಿಪರಿನಲ್ಲಿ ಅಳೆದೆ. ಬಾಯಿ ಎಷ್ಟು ತೆರೆದಿದೆ, ತುಟಿ ಎಷ್ಟು ಗಿಡ್ಡ, ಎಲ್ಲ ಬರೆದೆ. ಬಕೆಟ್ಟು ತೂಗುವಾಗ ಒಂದು ಚಿತ್ರ, ನೀರು ಮುಟ್ಟಿದಾಗ ಒಂದು, ಮಗಚಿದಾಗ ಒಂದು. ಕೊಕ್ಕೆಯನ್ನು ಬೇರೆಯಾಗಿ ಹಿಗ್ಗಿಸಿ ಒಂದು. ಹಾಳೆ ತುಂಬಿತು. ನೋಡಿದರೆ ಗಿಜಿಗಿಜಿ, ನನ್ನ ಅಂಗಡಿಯಿಂದ ಹೊರಗೆ ಹೋಗುವಂಥ ಚಿತ್ರವೇ ಅಲ್ಲ.

ಸ್ವಚ್ಛ ಮಾಡಲು ಕೂತೆ. ಬಕೆಟ್ಟು ಮಾಡುವವನಿಗೆ ಅದು ಹೇಗೆ ಮಗಚುತ್ತದೆ ಎಂಬುದು ಯಾಕೆ ಬೇಕು, ಆಕಾರ ತಿಳಿದರೆ ಸಾಕಲ್ಲ? ಆ ಎರಡು ಚಿತ್ರ ಅಳಿಸಿದೆ. ಕೊಕ್ಕೆ ಹಿಡಿಕೆಯ ಮೇಲೆ ಹೇಗೂ ಇದೆ, ಅದನ್ನೇ ಮತ್ತೆ ಹಿಗ್ಗಿಸಿ ತೋರಿಸುವುದು ಯಾಕೆ? ಅದನ್ನೂ ಅಳಿಸಿದೆ. ಕೊಕ್ಕೆಯ ಹತ್ತಿರ ಎರಡು ಅಳತೆಯ ಅಂಕಿಗಳು ಒಂದರ ಮೇಲೊಂದು ಕೂತಿದ್ದವು, ಒಂದನ್ನು ಅಳಿಸಿದೆ. ಅಳಿಸಿದ್ದು ಬಾಯಿಯ ಅಳತೆ. ಖಾಲಿಯಾದ ಜಾಗಕ್ಕೆ ಶೋಭೆಗೆಂದು ಮೇಲೆ ಬಾವಿಯ ರಾಟೆ, ನಮ್ಮ ಕಡೆಯ ಗಡಗಡಿ, ಬರೆದು, ಅಲ್ಲಿಂದ ಹಗ್ಗ ಇಳಿಬಿಟ್ಟೆ. ಹೀಗಾಗಿ ಬಕೆಟ್ಟು ಎರಡು ಬೆರಳಷ್ಟಾಯಿತು, ಕೊಕ್ಕೆ ಅಕ್ಕಿಕಾಳಿನಷ್ಟಾಯಿತು.

ಮೂರನೆಯ ದಿನ ಆಯಿ ಮತ್ತೆ ಮೆಟ್ಟಿಲು ಹತ್ತಿ ಬಂದು ನೋಡಿದರು. ಅವರ ಒಂದು ಕಣ್ಣಿಗೆ ಪೊರೆ.

"ಗೆರಿ ಇನ್ನಟ ದಪ್ಪ ಮಾಡ ಮಗಳ. ನನಗೂ ಕಾಣಲಿ, ಕಾಗವಾಡದಾಗಿನ ನನ್ನ ತಂಗಿಗೂ ಕಾಣಲಿ. ಆಕಿದೂ ಇದ ನೇಮ ಐತಿ. ಆಕೀ ಬಕೆಟ್ಟೂ ಸೋರಾಕತ್ತೇತಿ."

ಗೆರೆಯ ದಪ್ಪವನ್ನು ಇಮ್ಮಡಿ ಮಾಡಿ ಎಕ್ಸ್‌ಪೋರ್ಟ್ ಮಾಡಿದೆ. ಬಿಳಿ ನೆಲ, ಕರಿ ಗೆರೆ, ಎಲ್ಲಿಯೂ ಒಂದು ಕಲೆ ಇಲ್ಲ. ಆಯಿ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಎಷ್ಟ ಸ್ವಚ್ಛ ಬರದಿ," ಎಂದರು. ಹದಿನಾರು ವರ್ಷದಲ್ಲಿ ಯಾವ ಗಿರಾಕಿಯೂ ಆ ಮಾತು ಹೇಳಿರಲಿಲ್ಲ. ಅವತ್ತು ಮಧ್ಯಾಹ್ನ ನನಗೆ ಊಟ ಬಹಳ ರುಚಿಸಿತು.

ಚಿತ್ರವನ್ನು ಕಾಗವಾಡದ ತಂಗಿಗೆ ಕಳಿಸಿದೆ, ಅವರು ಅಲ್ಲಿಯ ಕಮ್ಮಾರನಿಂದ ಮಾಡಿಸಿಕೊಳ್ಳುವವರಿದ್ದರು. ಆಯಿಯ ಬಕೆಟ್ಟಿಗಾಗಿ ಹಾರೂಗೇರಿಯ ನನ್ನ ಗುರುತಿನ ವರ್ಕ್‌ಶಾಪಿನವರಿಗೆ ಕಳಿಸಿದೆ. ಅವರು ದ್ರಾಕ್ಷಿತೋಟಕ್ಕೆ ಔಷಧಿ ಹೊಡೆಯುವ ಟ್ಯಾಂಕು ಮಾಡುವವರು, ಬೆಸುಗೆಯಲ್ಲಿ ಕೈ ಪಳಗಿದ ಮನುಷ್ಯ. ನಾಲ್ಕು ದಿನದಲ್ಲಿ ಸ್ಟೀಲಿನ ಬಕೆಟ್ಟು ಮಾಡಿ, ಹಗ್ಗವನ್ನೂ ಕಟ್ಟಿ, ಗೋಣಿಚೀಲದಲ್ಲಿ ಸುತ್ತಿ ಚಿಕ್ಕೋಡಿ ಬಸ್ಸಿಗೆ ಹಾಕಿದರು. ಕಂಡಕ್ಟರು ಅದನ್ನು ನಿಪ್ಪಾಣಿ ಬಸ್ಸಿನವರಿಗೆ ಕೊಟ್ಟರು, ಅದು ಅಕ್ಕೋಳದಲ್ಲಿ ಇಳಿಯಿತು. ನಾನು ಗೋಣಿಚೀಲ ಬಿಚ್ಚಿ ನೋಡಲೇ ಇಲ್ಲ. ಸಂಜೆ ಆಯಿ ಫೋನು ಮಾಡಿ, "ಬಂತ. ಥಳಥಳಾ ಹೊಳಿತೈತಿ. ಬೀಗರ ಬಕೆಟ್ ನಾಳೆ ಭೋಜಕ್ಕ ಕಳಸತೀನಿ," ಎಂದರು. ಚಿತ್ರದ ಒಂದು ಪ್ರತಿಯನ್ನು ದೊಡ್ಡದಾಗಿ ಪ್ರಿಂಟು ತೆಗೆದು ಅಂಗಡಿಯ ಗೋಡೆಗೆ ಅಂಟಿಸಿದೆ. ಬಂದವರಿಗೆಲ್ಲ ತೋರಿಸುತ್ತಿದ್ದೆ.

ಹನ್ನೊಂದು ದಿನ ಕಳೆದಿರಬೇಕು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿರುವಾಗಲೇ ಕಾಗವಾಡದಿಂದ ಫೋನು ಬಂತು. ಆಯಿಯ ತಂಗಿ. ಅಕ್ಕನ ಸಮಾಧಾನದಲ್ಲಿ ಕಾಲುಭಾಗವೂ ಇವರಿಗೆ ಬಂದಿಲ್ಲ.

"ನಿನ್ನ ಬಕೆಟ್ ಮಗಚಂಗಿಲ್ಲ ಬಿಡಂಗಿಲ್ಲ. ಬಿಟ್ಟಂಗ ಬಿಟ್ಟಂಗ ತುಂಬಿಕೊಂಡ ಮ್ಯಾಲ ಬರತೈತಿ. ಏನ ಕಲತೀದಿ ನೀ?"

ಫೋಟೋ ಕಳಿಸಿರೆಂದೆ. ಬಂದದ್ದನ್ನು ನೋಡಿದರೆ ಕೊಕ್ಕೆಯ ಜಾಗದಲ್ಲಿ ಒಂದು ಮುಚ್ಚಿದ ಉಂಗುರ, ಹಿಡಿಕೆಯನ್ನು ಸುತ್ತಿಕೊಂಡು ಬೆಸುಗೆಯಾಗಿದೆ. ಅದು ಹೇಗೆ ಜಾರೀತು? ಕಾಗವಾಡದ ಕಮ್ಮಾರನಿಗೆ ಮನಸ್ಸಿನಲ್ಲೇ ನಾಲ್ಕು ಬೈದೆ. ನಕ್ಷೆ ಕೈಯಲ್ಲಿಟ್ಟರೂ ಓದಲು ಬಾರದ ಜನ ಎಂದು ತಂಗಿಯ ಮುಂದೆ ಹೇಳಿಯೂಬಿಟ್ಟೆ. ಫೋನು ಇಟ್ಟ ಮೇಲೆ ಯಾಕೋ ಸಣ್ಣ ಸಂಶಯ ಹುಟ್ಟಿತು. ಹಾರೂಗೇರಿಗೆ ಫೋನು ಮಾಡಿದೆ.

"ಆ ಬಕೆಟ್‌ಗೆ ಕೊಕ್ಕಿ ಹೆಂಗ ಮಾಡೀರಿ?"

"ಕೊಕ್ಕಿ ಎಲ್ಲೈತ್ರಿ? ಉಂಗುರ ಐತಿ. ಗಟ್ಟಿ ಮಾಡೀನ್ರಿ, ಚಿಂತಿ ಮಾಡಬ್ಯಾಡ್ರಿ. ಬೆಸುಗೀದ ಒಂದ ಟಾಕಾ ಜಾಸ್ತೀನ ಹೊಡದೀನಿ."

ನನಗೆ ಸಿಟ್ಟು ನೆತ್ತಿಗೇರಿತು. ನಕ್ಷೆ ನೋಡದೆ ಬೆಸುಗೆ ಹಚ್ಚುವವರಿಗೆ ನನ್ನ ನಕ್ಷೆ ಯಾಕೆ, ಇನ್ನು ಮುಂದೆ ನಿಮ್ಮ ಕೆಲಸವೇ ಬೇಡ, ಹೀಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಮ್ಯಾಡಮ್ಮಾರ, ನೀವು ಕಳಿಸಿದ ಚಿತ್ರಾ ನನ್ನ ಕೈಯಾಗ ಐತಿ. ಎಲ್ಲಿ ಬಾಯಿ ಐತಿ ಇದಕ್ಕ? ನೀವ ನೋಡ್ರಿ. ಮತ್ತ ಬಾವಿಗೆ ಬಿಡೂ ಬಕೆಟ್‌ಗೆ ಬಾಯಿ ತಗದ ಕೊಕ್ಕಿ ಯಾರರ ಹಾಕತಾರೇನ್ರಿ? ಬಕೆಟ್ ನೀರಪಾಲ ಆಗತೈತಿ."

ಫೋನು ಹಿಡಿದುಕೊಂಡೇ ಕಂಪ್ಯೂಟರಿನಲ್ಲಿ ಫೈಲು ತೆರೆದೆ. ಕೊಕ್ಕೆಯ ಬಾಯಿ ತೆರೆದೇ ಇದೆ. ಗೆದ್ದೆ ಎಂದುಕೊಂಡು, ಅವರಿಗೆ ಕಳಿಸಿದ್ದ ಚಿತ್ರವನ್ನು ಪಕ್ಕದಲ್ಲಿ ತೆರೆದು ಹಿಗ್ಗಿಸಿದೆ. ಅಲ್ಲಿ ಬಾಯಿ ಇಲ್ಲ. ಒಂದು ಕರಿ ಉಂಗುರ, ಗುಂಡಗೆ, ಅಚ್ಚುಕಟ್ಟಾಗಿ ಮುಚ್ಚಿಕೊಂಡು ಕೂತಿದೆ. ತಲೆ ಎತ್ತಿದರೆ ಗೋಡೆಯ ಮೇಲಿನ ಪ್ರಿಂಟಿನಲ್ಲೂ ಅದೇ. ಹನ್ನೊಂದು ದಿನ ಅದರ ಕೆಳಗೇ ಕೂತು ಚಹ ಕುಡಿದಿದ್ದೆ.

ಆಗ ನಾನು ಮಾಡಬೇಕಾದದ್ದು ಕ್ಷಮೆ ಕೇಳುವುದು. ಆದರೆ ನನ್ನ ಬುದ್ಧಿ ಮೊದಲು ಹೋದದ್ದು ಇದು ಹೇಗಾಯಿತು ಎಂಬ ಕಡೆಗೆ. ನಾನು ಕೆಲಸ ಮಾಡುವಾಗ ಸ್ಕ್ರೀನಿನ ಮೇಲೆ ಎಲ್ಲ ಗೆರೆಯೂ ಒಂದೇ ಸಮ ತೆಳ್ಳಗೆ ಕಾಣುತ್ತದೆ, ಎಷ್ಟು ಹಿಗ್ಗಿಸಿದರೂ ಅಷ್ಟೇ. ನಾನು ಕೊಟ್ಟ ದಪ್ಪ ಗೆರೆಗೆ ಬರುವುದು ಎಕ್ಸ್‌ಪೋರ್ಟ್ ಆಗುವ ಗಳಿಗೆಯಲ್ಲಿ. ಅದೇ ಕೊಕ್ಕೆಯನ್ನು ಬೇರೆಬೇರೆ ದಪ್ಪಕ್ಕೆ ಇಟ್ಟು ಆರು ಚಿತ್ರ ಹೊರಗೆ ತೆಗೆದೆ. ಮೊದಲನೆಯದರಲ್ಲಿ ಬಾಯಿ ತೆರೆದಿತ್ತು. ಎರಡನೆಯದರಲ್ಲಿ ಕಿರಿದಾಯಿತು. ನಾಲ್ಕನೆಯದರಲ್ಲಿ ಒಂದು ಬೂದುಬಣ್ಣದ ಚುಕ್ಕೆಯಷ್ಟು ಉಳಿದಿತ್ತು. ಐದನೆಯದರಲ್ಲಿ ಎರಡು ಕಡೆಯ ದಪ್ಪ ಗೆರೆಗಳು ಒಂದನ್ನೊಂದು ಮುಟ್ಟಿ ಬಾಯಿ ಮುಚ್ಚಿಹೋಯಿತು. ಆಯಿಗೆ ನಾನು ಕೊಟ್ಟಿದ್ದು ಆರನೆಯದು. ಹಿಗ್ಗಿಸಿದ ಕೊಕ್ಕೆಯ ಚಿತ್ರ ಇದ್ದಿದ್ದರೆ ತಿಳಿಯುತ್ತಿತ್ತು. ಅಳತೆಯ ಅಂಕಿ ಇದ್ದಿದ್ದರೆ ತಿಳಿಯುತ್ತಿತ್ತು. ಎಲ್ಲವನ್ನೂ ಕಸವೆಂದು ಗುಡಿಸಿದವಳು ನಾನು. ನಲವತ್ತು ಕಿಲೋಮೀಟರು ದೂರದ ಇಬ್ಬರು, ಒಬ್ಬರನ್ನೊಬ್ಬರು ಕಾಣದವರು, ಒಂದೇ ತಪ್ಪು ಮಾಡಿದ್ದಾರೆಂದರೆ ಅದು ಅವರ ತಪ್ಪಾಗಿರಲು ಹೇಗೆ ಸಾಧ್ಯ? ಅವರು ನನ್ನ ನಕ್ಷೆಯನ್ನು ಸರಿಯಾಗಿಯೇ ಓದಿದ್ದರು.

ಹಾರೂಗೇರಿಯವರು ಇನ್ನೂ ಫೋನಿನಲ್ಲೇ ಇದ್ದರು. "ತಪ್ಪು ನಂದ್ರಿ," ಎಂದೆ. ಅವರು ನಕ್ಕರು. "ಇರಲಿ ಬಿಡ್ರಿ. ಒಂದ ಎಕ್ಸಾ ಬ್ಲೇಡ್ ತಗೊಂಡ ಹೋಗ್ರಿ, ಹತ್ತ ನಿಮಿಷದ ಕೆಲಸ."

ಆಗ ಆಯಿ ನೆನಪಾದರು. ಬಕೆಟ್ಟು ಬಂದ ದಿನದ ಮೇಲೆ ಅವರು ಒಮ್ಮೆಯೂ ಫೋನು ಮಾಡಿರಲಿಲ್ಲ. ಎಲ್ಲ ಸರಿಯಿದೆ, ಅದಕ್ಕೇ ಸುಮ್ಮನಿದ್ದಾರೆ ಎಂದು ನಾನು ತಿಳಿದಿದ್ದೆ. ಈಗ ಫೋನು ಮಾಡಿದೆ.

"ಆಯಿ, ಬಕೆಟ್ ಮಗಚತೈತೇನ್ರಿ?"

"ಬಕೆಟ್ ಚಲೋ ಐತಿ. ನೀ ಉಂಡಿ?" ಎಂದರು.

ಕೆಳಗಿನ ಸೈಕಲ್ ಅಂಗಡಿಯಿಂದ ಕಬ್ಬಿಣ ಕೊಯ್ಯುವ ಬ್ಲೇಡು, ತಿಕ್ಕಿ ನಯ ಮಾಡುವ ಕಾನಸು ತೆಗೆದುಕೊಂಡು ಸ್ಕೂಟರು ಹತ್ತಿದೆ. ಆಯಿಯ ಮನೆ ಊರ ಹೊರಗೆ, ಹೊಲದಲ್ಲಿಯೇ. ಮಗ ಕಬ್ಬಿಗೆ ನೀರು ಹಾಯಿಸಲು ಹೋಗಿದ್ದ, ಸೊಸೆ ಶಾಲೆಯ ಮಾಸ್ತರಿಕೆಗೆ. ಆಯಿ ಒಬ್ಬರೇ ಬಾವಿಯ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದರು. ಎರಡೂ ಮೊಣಕಾಲಿಗೆ ಅರಿವೆ ಸುತ್ತಿತ್ತು. ಸೀರೆಯ ಅಂಚು ಒಂದು ಗೇಣಿನಷ್ಟು ಒದ್ದೆಯಾಗಿತ್ತು. ಪಕ್ಕದಲ್ಲಿ ಸ್ಟೀಲಿನ ಬಕೆಟ್ಟು ಹೊಳೆಯುತ್ತಿತ್ತು.

ಕೇಳುವ ಮೊದಲೇ ನನಗೆ ತಿಳಿಯಿತು.

"ದಿನಾ ಇಳದೀರಿ?"

"ಮುಂಜಾನೆ ಅವರೆಲ್ಲಾ ಹೋದ ಮ್ಯಾಲ ಒಮ್ಮೆ. ಮಗಗ ಹೇಳಬ್ಯಾಡ."

"ಯಾಕ ಫೋನ್ ಮಾಡಲಿಲ್ರಿ ಆಯಿ? ಒಂದ ಮಾತ ಹೇಳಿದ್ರ ಅವತ್ತ ಬರತಿದ್ದೆ." ನನ್ನ ದನಿ ಸಿಟ್ಟಿನದಾಗಿತ್ತು. ಸಿಟ್ಟು ಯಾರ ಮೇಲೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಮೊದಲನೇ ದಿನಾ ಜಗ್ಗಿ ಜಗ್ಗಿ ನೋಡಿದೆ, ಮಗಚಲಿಲ್ಲ. ಹೊಸಾ ನಮೂನಿ ಇರಬೇಕು, ನನಗ ತಿಳೀವಲ್ದು ಅನಕೊಂಡೆ. ಮೊಬೈಲ್ ತಗದ ನಿನ್ನ ಚಿತ್ರಾ ನೋಡಿದೆ. ಚಿತ್ರದಾಗೂ ಹಂಗ ಇತ್ತ. ಅಷ್ಟ ಸ್ವಚ್ಛ ಬರದೀದಿ, ಅದರಾಗ ತಪ್ಪ ಇರತೈತೇನ? ನನ್ನ ಕೈದ ತಪ್ಪ ಅನಕೊಂಡೆ."

ಕಟ್ಟೆಯ ಮೇಲೆ ಕೂತು, ಆ 'ಒಂದು ಟಾಕಾ ಜಾಸ್ತಿ'ಯ ಉಂಗುರವನ್ನು ಕೊಯ್ಯತೊಡಗಿದೆ. ಹಾರೂಗೇರಿಯವರ ಕೈಕೆಲಸ ಗಟ್ಟಿ. ಹತ್ತು ನಿಮಿಷದ ಕೆಲಸ ಮುಕ್ಕಾಲು ಗಂಟೆ ಹಿಡಿಯಿತು, ಎರಡು ಬ್ಲೇಡು ಮುರಿದವು. ಬಾಯಿ ತೆರೆದು, ತುಟಿಯನ್ನು ಗಿಡ್ಡ ಮಾಡಿ, ಕಾನಸಿನಿಂದ ನಯಗೊಳಿಸಿದೆ. ಆಯಿ ಅದರೊಳಗೆ ಬೆರಳು ಹಾಕಿ ತಡವಿ ನೋಡಿ, ಇನ್ನೂ ಸ್ವಲ್ಪ ತಿಕ್ಕು ಎಂದರು. ತಿಕ್ಕಿದೆ.

ಆಮೇಲೆ ಅವರು ಬರಿಯ ಬಾವಿನೀರನ್ನೇ ಒಂದಿಷ್ಟು ಬಕೆಟ್ಟಿಗೆ ಹಾಕಿ ಇಳಿಬಿಟ್ಟರು. ಮೇಲಿನಿಂದ ನೋಡಿದರೆ ಬಕೆಟ್ಟು ನೀರಿನ ಕತ್ತಲೆಯಲ್ಲಿ ಸರಿಯಾಗಿ ಕಾಣುತ್ತಿರಲಿಲ್ಲ. ಕೊಕ್ಕೆ ಜಾರುವುದನ್ನು ನನ್ನ ಕಣ್ಣಿಂದ ನೋಡದೆ ಊರಿಗೆ ಹೋಗುವುದಿಲ್ಲ ಎಂದೆ. "ಇಳದ ನೋಡ ಹಂಗಾರ," ಎಂದರು ಆಯಿ. ಚಪ್ಪಲಿ ಬಿಟ್ಟು ಮೆಟ್ಟಿಲು ಇಳಿದೆ. ಕಲ್ಲಿನ ಮೆಟ್ಟಿಲುಗಳು ಎತ್ತರವಾಗಿದ್ದವು, ನನ್ನ ಮೊಣಕಾಲಿನವರೆಗೆ. ಕೆಳಗೆ ತಂಪು, ಪಾಚಿಯ ವಾಸನೆ. ಕೊನೆಯ ಮೆಟ್ಟಿಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು ಮೇಲೆ ಸನ್ನೆ ಮಾಡಿದೆ.

ಮತ್ತೊಮ್ಮೆ ನೀರು ಹಾಕಿದ ಬಕೆಟ್ಟು ಇಳಿದು ಬಂತು. ನೀರನ್ನು ಮುಟ್ಟಿತು, ತೇಲಿತು. ಹಗ್ಗ ಸಡಿಲಾಯಿತು, ಹಿಡಿಕೆ ಪಕ್ಕಕ್ಕೆ ಬಿತ್ತು, ಕೊಕ್ಕೆ ಸದ್ದಿಲ್ಲದೆ ಹೊರಬಂತು. ಮೇಲಿನಿಂದ ಆಯಿ ಹಗ್ಗ ಎಳೆದರು. ಬುಡ ಮೇಲೆದ್ದು ಬಕೆಟ್ಟು ಮಗಚಿತು, ಒಳಗಿನ ನೀರು ಬಾವಿಯ ನೀರಿಗೆ ಸೇರಿತು. ಒಂದು ಗುಳ್ಳೆಯೂ ಏಳಲಿಲ್ಲ.

"ಆತ್ರಿ," ಎಂದು ಕೂಗಿದೆ.

ಹತ್ತತೊಡಗಿದೆ. ನನಗೆ ಮೂವತ್ತೆಂಟು ವರ್ಷ, ಮೊಣಕಾಲು ಗಟ್ಟಿ ಇವೆ. ಹತ್ತು ಮೆಟ್ಟಿಲಿಗೆ ಏದುಸಿರು ಬಂತು. ಮೇಲಿನಿಂದ ಆಯಿಯ ದನಿ ಕೇಳಿಸಿತು.

"ಸಾವಕಾಶ ಬಾ. ಮುಂದಿಂದು ಎರಡನೇ ಪಾವಟಿಗಿ ಅಳಗ್ಯಾಡತೈತಿ, ಅದರ ಮ್ಯಾಲ ಕಾಲ ಇಡಬ್ಯಾಡ. ಬಲಗೈಲೆ ಗ್ವಾಡಿ ಹಿಡಿ, ಅಲ್ಲೊಂದ ಕಲ್ಲ ಹೊರಗ ಬಂದೇತಿ. ಅದನ್ನ ಹಿಡದ ಕುಂಡ್ರ ಒಂದೀಟ. ನಾನೂ ಅಲ್ಲೇ ಕುಂಡ್ರತಿದ್ದೆ."

ಅಳುಗಾಡುವ ಮೆಟ್ಟಿಲನ್ನು ದಾಟಿ, ಹೊರಗೆ ಚಾಚಿದ ಆ ಕಲ್ಲನ್ನು ಹಿಡಿದು ಕೂತೆ. ಕಲ್ಲಿನ ಮೇಲಿನ ಪಾಚಿ ಒಂದು ಅಂಗೈಯಷ್ಟು ಅಗಲಕ್ಕೆ ಉಜ್ಜಿಹೋಗಿತ್ತು. ಅಲ್ಲಿ ಕೂತು ಅತ್ತೆ. ಆಯಿಗೆ ಕೇಳಿಸಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದೆ. ಮೇಲಿನಿಂದ ಅವರು, ಅವಸರ ಇಲ್ಲ, ಕುಂಡ್ರ, ಎನ್ನುತ್ತಲೇ ಇದ್ದರು.